ಹೊಳೆಸುತ್ತಿನ ದಾರಿ

ಊರಿನ ಹೆಸರು ಬರೆಯುವುದಿಲ್ಲ. ಪಾಲಾರ್ ಹೊಳೆಯ ದಂಡೆಯ ಮೇಲಿದೆ, ಚಿನ್ನದ ಗಣಿಗೆ ನೀರು ಹೋಗುವುದು ಅಲ್ಲಿಂದಲೇ ಎಂದರೆ ನಮ್ಮ ಕಡೆಯವರಿಗೆ ಸಾಕು. ಗೊತ್ತಾದರೆ ಗೊತ್ತಾಗಲಿ. ಆ ಊರಿನಲ್ಲಿ ನಾನು ಒಂಬತ್ತು ವರ್ಷ ಸೂಲಗಿತ್ತಿಯಾಗಿದ್ದೆ. ಇವತ್ತಿಗೂ ಅದನ್ನು ನೆನೆದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಮೊದಲು ಮೂಗಿಗೆ ವಾಸನೆ ಬರುತ್ತದೆ.

ಊರು ಹಳೆಯದು, ಇಲ್ಲವೆನ್ನುವುದಿಲ್ಲ. ಯಾವ ಕಾಲದ್ದೋ ದೇವಸ್ಥಾನ, ಅದರ ಮುಂದೆ ಊರಿನವರಾರಿಗೂ ಓದಲು ಬಾರದ ಶಾಸನದ ಕಲ್ಲು, ಅಲ್ಲಿಂದ ಹೊಳೆಗೆ ಇಳಿಯುವ ಮೆಟ್ಟಿಲು. ಮೆಟ್ಟಿಲಿನಿಂದ, ಗಣಿಗೆ ನೀರು ಕಳಿಸುವ ಕಂಪನಿಯ ಬಂಗಲೆಯ ರಸ್ತೆಯವರೆಗೆ, ನೇರವಾಗಿ ದೊಡ್ಡ ಬೀದಿ. ಕಲ್ಲು ಹಾಸಿದ ಬೀದಿ, ಎರಡು ಕಡೆಯೂ ಜಗಲಿ ಇರುವ ಮನೆಗಳು, ಬೆಳಗಾದರೆ ಸಗಣಿ ನೀರು, ರಂಗೋಲಿ. ಭಾನುವಾರ ಗಣಿಯಿಂದ ದೊರೆಗಳೂ ದೊರೆಸಾನಿಯರೂ ಮೋಟಾರಿನಲ್ಲಿ ಬಂದು ಈ ಬೀದಿಯಲ್ಲಿ ಕಾಲಾಡಿಸಿ ಹೋಗುತ್ತಿದ್ದರು. ಬಂಗಲೆಯ ಜವಾನ ಮುಂದೆ ಮುಂದೆ ನಡೆದು ದೇವಸ್ಥಾನ ತೋರಿಸುತ್ತಿದ್ದ, ಕಲ್ಲು ತೋರಿಸುತ್ತಿದ್ದ. ದೊರೆಗಳ ಬೂಟಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರ ಜೊತೆ ಬರುತ್ತಿದ್ದ ನಾಯಿ ಒಂದು ಸಲ ಒಂದು ರಂಗೋಲಿಯ ಮೇಲೆಯೇ ಕಾಲೆತ್ತಿತು. ಆ ಮನೆಯ ಯಜಮಾನ ಕೈಮುಗಿದು ನಗುತ್ತಾ ನಿಂತಿದ್ದ.

ನನಗೆ ಆ ಬೀದಿ ಇರಲಿಲ್ಲ.

ನನ್ನ ಗಂಡ ಗಣಿಯ ಧೂಳು ಕುಡಿದು ಕೆಮ್ಮಿ ಕೆಮ್ಮಿ ತೀರಿಕೊಂಡ. ಕ್ಯಾಸಂಬಳ್ಳಿ ಕಡೆಯ ತವರಿಗೆ ಹೋಗಿ ಅತ್ತಿಗೆಯ ಮಾತು ಕೇಳುತ್ತಾ ರಾಗಿ ಬೀಸುವುದಕ್ಕಿಂತ ಏನಾದರೂ ಕಲಿಯೋಣ ಎಂದು ಗಣಿಯ ಕಡೆಯ ಒಂದು ಆಸ್ಪತ್ರೆಯಲ್ಲಿ ಹೆರಿಗೆ ಕೆಲಸಕ್ಕೆ ಸೇರಿದೆ. ಕೈ ತೊಳೆ, ನೀರು ಕುದಿಸು, ಕತ್ತರಿ ಕುದಿಸು, ಮತ್ತೆ ಕೈ ತೊಳೆ. ಎರಡು ವರ್ಷ ಇದನ್ನೇ ನನ್ನ ತಲೆಗೆ ಅರೆದರು. ಆಮೇಲೆ ಈ ಊರಿಗೆ ಕಳಿಸಿದರು. ಎರಡನೇ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇತ್ತು. ದೊಡ್ಡ ಬೀದಿ ಶುರುವಾಗುವ ಕಡೆ, ಬೀದಿಯಿಂದ ಆಚೆಗೆ, ನನಗೊಂದು ಹೆಂಚಿನ ಕೋಣೆ ಸಿಕ್ಕಿತು.

ಬಂದ ಮಾರನೆಯ ದಿನವೇ ಊರಿನ ಹಳೆಯ ಸೂಲಗಿತ್ತಿ ನನ್ನನ್ನು ಕರೆದುಕೊಂಡು ಹೊರಟಳು. ಕಣ್ಣು ಮಂಜಾಗಿ ಅವಳು ಕೆಲಸ ಬಿಟ್ಟಿದ್ದಳು. ಯಾವ ಮನೆಯಲ್ಲಿ ಯಾರು ಬಸುರಿ ಎಂದು ತೋರಿಸುತ್ತಾಳೆ ಎಂದುಕೊಂಡೆ. ಅವಳು ತೋರಿಸಿದ್ದು ದಾರಿ.

"ಇದು ನಮ್ ದಾರಿ ಕಣಮ್ಮ. ದೊಡ್ ಬೀದೀಗೆ ಮಾತ್ರ ಕಾಲಿಕ್ಬ್ಯಾಡ. ಪುರುಡಿನ ಕಾಲು ಅಲ್ ತುಳೀಬಾರ್ದು. ಒಳೆ ಸುತ್ಕೊಂಡು, ನೀರಾಗೆ ಕಾಲದ್ಕೊಂಡು, ಇತ್ತಲಿಂದ ಓಗ್ಬೇಕು."

ಪುರುಡು ಎಂದರೆ ಹೆರಿಗೆಯ ಮೈಲಿಗೆ. ಹೆತ್ತವಳಿಗೆ ಅದು ಹನ್ನೊಂದು ದಿನ. "ಸ್ನಾನ ಮಾಡಿದರೆ ನಮಗೆ ಹೋಗುತ್ತದಲ್ಲ?" ಎಂದು ಕೇಳಿದೆ. ಮುದುಕಿಗೆ ನಗು ಬಂತು. "ಎತ್ತೋಳ್ಗೆ ಓಯ್ತದೆ. ನಮ್ಗೆಲ್ಲಿ ಓದಾತು? ಇವತ್ತೊಂದ್ ಮನೆ, ನಾಳೆ ಇನ್ನೊಂದ್ ಕೇರಿ," ಎಂದಳು. ಅವಳಿಗೆ ಬೇಸರವೇನೂ ಇರಲಿಲ್ಲ. ಬಾವಿ ಎಲ್ಲಿದೆ ಎಂದು ಹೇಳಿದಷ್ಟೇ ಸಲೀಸಾಗಿ ಹೇಳಿದಳು.

ಆ ದಾರಿಯನ್ನು ಹೇಗೆ ಬರೆಯಲಿ? ನನ್ನ ಕೋಣೆಯ ಪಕ್ಕದಲ್ಲೇ ಒಂದು ಓಣಿ ಇಳಿಯುತ್ತಿತ್ತು. ದೊಡ್ಡ ಬೀದಿಯ ಮನೆಗಳ ಬಚ್ಚಲ ನೀರೆಲ್ಲ ಹಿಂದಿನಿಂದ ಅದಕ್ಕೇ ಬಂದು ಬೀಳುತ್ತಿತ್ತು. ಹಿತ್ತಲುಗಳಿಗೆ ಒತ್ತಿಕೊಂಡು ಹೋಗೋಣವೆಂದರೆ ಉದ್ದಕ್ಕೂ ಕಳ್ಳಿ ಬೇಲಿ. ಆದ್ದರಿಂದ ಚರ್ಮ ಹದ ಮಾಡುವ ಗುಂಡಿಗಳನ್ನು ದಾಟಿ ಹೊಳೆಯವರೆಗೂ ಇಳಿಯಲೇಬೇಕು. ಹೊಳೆಯ ದಂಡೆ ದೊಡ್ಡ ಬೀದಿಯವರ ಬಯಲು, ಜಾವದಲ್ಲಿ ಗಂಡಸರಿಗೆ, ಅವರೆದ್ದ ಮೇಲೆ ಹೆಂಗಸರಿಗೆ. ಜಗಲಿಯ ಮೇಲೆ ಕೂತು ಮಡಿಮೈಲಿಗೆಯ ಮಾತಾಡುವ ಅಷ್ಟೂ ಜನ ಬೆಳಗಿನ ಜಾವ ಅಲ್ಲಿ ಸಾಲಾಗಿ ಕೂರುತ್ತಿದ್ದರು. ಹೇಲಿಲ್ಲದ ಜಾಗ ನೋಡಿ ಹೆಜ್ಜೆ ಇಡಬೇಕು. ಹಂದಿಗಳು ಅಡ್ಡ ಬರುತ್ತಿದ್ದವು. ನೀರೆಲ್ಲ ಗಣಿಗೆಂದು ಮೇಲಿನ ಕೆರೆಯಲ್ಲೇ ನಿಲ್ಲುತ್ತಿದ್ದುದರಿಂದ, ಮಳೆಗಾಲ ಬಿಟ್ಟರೆ ಹೊಳೆಯೆಂದರೆ ಬರೀ ಮರಳು, ನಡುವೆ ಹಸಿರುಗಟ್ಟಿದ ಗುಂಡಿಗಳು. ಅಂಥ ಗುಂಡಿಯೊಂದರಲ್ಲಿ ಕಾಲು ಅದ್ದಿದರೆ ನಾನು ಶುದ್ಧ! ಅವರು ತೊಳೆದುಕೊಂಡ ನೀರಿನಲ್ಲಿ ನನ್ನ ಮೈಲಿಗೆ ಕಳೆಯಬೇಕು. ಆಮೇಲೆ ದಿಬ್ಬ ಹತ್ತಿ, ಬೇಲಿಯ ಕಿಂಡಿಯಲ್ಲಿ ನುಗ್ಗಿ, ದನದ ಕೊಟ್ಟಿಗೆಯ ಮೂಲಕ ಹೆರಿಗೆಯ ಕೋಣೆಗೆ. ನೇರ ಬೀದಿಯಲ್ಲಿ ಹೋದರೆ ಬಾಯಿಗೆ ಹಾಕಿದ ಎಲೆಯಡಿಕೆ ಕೆಂಪಾಗುವುದರೊಳಗೆ ತಲುಪಬಹುದು. ಸುತ್ತಿ ಹೋದರೆ ಒಂದು ಪಡಿ ಅಕ್ಕಿ ಬೆಂದು ಅನ್ನವಾಗಿರುತ್ತದೆ.

ಮೊದಲ ತಿಂಗಳು ಆ ದಾರಿ ಮುಗಿಸಿ ಬಂದು ಎರಡು ಸಲ ವಾಂತಿ ಮಾಡಿಕೊಂಡೆ. ಆಮೇಲೆ ಅಭ್ಯಾಸವಾಯಿತು. ಅಭ್ಯಾಸವಾಯಿತಲ್ಲ ಎಂಬುದೇ ಈಗ ನನಗೆ ಹೇಸಿಗೆ.

ದೊಡ್ಡ ಬೀದಿಯ ನಡುವೆ ಒಂದು ಎರಡಂಕಣದ ಮನೆ. ಆ ಮನೆಯ ಯಜಮಾನಿ ದಿನವಿಡೀ ಜಗಲಿಯ ಮೇಲೆ ಕೂತಿರುತ್ತಿದ್ದಳು. ಬೀದಿಯಲ್ಲಿ ಯಾರು ಬಂದರು, ಯಾರು ಹೋದರು, ಎಲ್ಲ ಅವಳ ಲೆಕ್ಕ. ಅವಳ ಒಬ್ಬನೇ ಮಗನಿಗೆ ಕಾಮಸಮುದ್ರದ ಕಡೆಯಿಂದ ಹೆಣ್ಣು ತಂದಿದ್ದರು. ಹದಿನೆಂಟು ಹತ್ತೊಂಬತ್ತರ ಹುಡುಗಿ, ಮಾತು ಕಡಿಮೆ, ನಕ್ಕರೆ ಬಾಯಿಗೆ ಸೆರಗು. ಮೊದಲ ಬಸುರು. ಏಳನೇ ತಿಂಗಳಲ್ಲೇ ನಾನು ಹೊಟ್ಟೆ ಮುಟ್ಟಿ ನೋಡಿ ಯಜಮಾನಿಗೆ ಹೇಳಿದ್ದೆ: ಕೂಸು ತಿರುಗಿಲ್ಲ, ಕಾಲು ಮುಂದಾಗಿ ಬರಬಹುದು, ನೋವು ಬಂದ ಕೂಡಲೇ ಕರೆಯಿರಿ, ತಲೆ ಸಿಕ್ಕಿಕೊಂಡರೆ ಕೂಸಿಗೆ ಉಸಿರಿಲ್ಲ.

ಕರೆದರು, ಅದರಲ್ಲಿ ತಪ್ಪಿಲ್ಲ. ಮಧ್ಯಾಹ್ನದ ಹೊತ್ತು ಆ ಮನೆಯ ಕೆಲಸದವಳು ಓಡಿ ಬಂದಳು. "ಬ್ಯಾಗ ಬಾರಮ್ಮ, ಕಾಲು ಕಾಣ್ತೈತೆ!" ನಾನು ಮೂರು ದಿನದಿಂದ ಯಾವ ಹೆರಿಗೆಗೂ ಹೋಗಿರಲಿಲ್ಲ, ಅವತ್ತು ತಲೆಗೆ ಸ್ನಾನವಾಗಿತ್ತು. ಚೀಲ ಹಿಡಿದು ಓಡಿದೆ. ಓಡುವ ಭರದಲ್ಲಿ ದೊಡ್ಡ ಬೀದಿಗೇ ಓಡಿದೆ. ಆ ಮನೆಗೆ ಇನ್ನು ಮೂರು ಮನೆ ಇದೆ ಎನ್ನುವಾಗ ಯಜಮಾನಿ ಜಗಲಿಯಿಂದ ಎದ್ದು ಅಂಗೈ ಎತ್ತಿದಳು.

"ಅಲ್ಲೇ ನಿಂತ್ಕೊ! ಎಲ್ಲಿಂದ ಬತ್ತಾ ಇದೀಯ ನೀನು?"

"ಕಾಲು ಮುಂದಾಗಿ ಬತ್ತೈತಂತೆ ಕಣಮ್ಮ. ಒಂದು ಗಳಿಗೇನೂ ತಡೆಯಂಗಿಲ್ಲ. ಬಿಡಿ ನನ್ನ!"

"ಅದ್ಕೇ ಯೋಳ್ತಿರಾದು. ನಿಂತ್ಕೊಂಡ್ ಮಾತಾಡ್ಬ್ಯಾಡ. ಬಿರ್ರನೆ ಒಳೆ ಸುತ್ಕೊಂಡ್ ಬಾ."

ಒಳಗೆ ಸೊಸೆ ಚೀರುತ್ತಿದ್ದಳು. ಅದು ನಮ್ಮಿಬ್ಬರಿಗೂ ಕೇಳುತ್ತಿತ್ತು. ಯಜಮಾನಿಯ ಮುಖದಲ್ಲಿ ದುಷ್ಟತನ ಇರಲಿಲ್ಲ, ಗಾಬರಿ ಇತ್ತು, ಕಣ್ಣಲ್ಲಿ ನೀರೂ ಇತ್ತು. ತನ್ನ ಮೊಮ್ಮಗುವಿಗೆ ಕೆಡುಕಾಗಬಾರದೆಂದೇ ಅವಳು ನನ್ನನ್ನು ತಡೆದಳು. ಅವಳನ್ನು ತಳ್ಳಿ ಒಳಗೆ ಹೋಗಬಹುದಾಗಿತ್ತು. ಕಡ್ಡಿಯಂಥ ಹೆಂಗಸು, ಒಂದು ಕೈ ಸಾಕಾಗಿತ್ತು. ನಾನು ತಿರುಗಿ ಓಡಿದೆ. ಓಣಿ ಇಳಿದೆ, ಗುಂಡಿ ದಾಟಿದೆ, ಹೇಲಿನಲ್ಲಿ ಜಾರಿ ಬಿದ್ದು ಎದ್ದೆ. ಯಾರೂ ನೋಡದ ಕಡೆಯೂ ಆ ಹಸಿರು ನೀರಿನಲ್ಲಿ ಎರಡೂ ಕಾಲು ಅದ್ದಿಯೇ ದಿಬ್ಬ ಹತ್ತಿದೆ. ಅದನ್ನಾದರೂ ಬಿಡಬಹುದಾಗಿತ್ತು.

ನಾನು ಹೋಗುವ ಹೊತ್ತಿಗೆ ಕೂಸಿನ ಮೈ ಹೊರಗಿತ್ತು, ತಲೆ ಒಳಗಿತ್ತು. ಮನೆಯ ಹೆಂಗಸರು ಕಾಲು ಹಿಡಿದು ಎಳೆದಿದ್ದರು. ಗಂಡು ಕೂಸು. ತಲೆ ಬಿಡಿಸಿದೆ, ಬಾಯಿಗೆ ಬಾಯಿಟ್ಟು ಊದಿದೆ, ಬೆನ್ನು ತಟ್ಟಿದೆ. ನೀಲಿಯಾಗಿದ್ದದ್ದು ನೀಲಿಯಾಗಿಯೇ ಉಳಿಯಿತು. "ಅಣೇಲಿ ಬರ್ದಿರ್ಲಿಲ್ಲ," ಎಂದಳು ಯಜಮಾನಿ, ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು. ಕೂಸನ್ನು ಹೂಳಲು ಒಯ್ಯುವ ಮೊದಲು ಅವಳು ಇನ್ನೊಂದು ಕೆಲಸ ಮಾಡಿಸಿದಳು. ಬೀದಿಯಲ್ಲಿ ನಾನು ನಿಂತಿದ್ದ ಜಾಗಕ್ಕೆ ಒಂದು ಕೊಡ ಸಗಣಿ ನೀರು ಹೊಯ್ಯಿಸಿದಳು.

ಹುಡುಗಿ ಅಳಲಿಲ್ಲ. ನಾನು ಅವಳ ಮೈ ಒರೆಸುವಾಗ ನನ್ನ ಕೈ ಹಿಡಿದುಕೊಂಡು ಕೇಳಿದಳು.

"ಬೀದೀಲಿ ನಿನ್ ದನಿ ಕೇಳಿಸ್ತು ನಂಗೆ. ಬಂದ್ಲು, ಇನ್ನೇನಿಲ್ಲ ಅಂದ್ಕೊಂಡೆ. ಆಮ್ಯಾಕೆ ಯಾಕ್ ಬರ್ಲಿಲ್ಲ?"

ಬಟ್ಟೆ ಹಿಂಡುತ್ತಾ "ಬಂದೆನಲ್ಲ," ಎಂದೆ.

ಒಂದೂವರೆ ವರ್ಷ ಕಳೆಯಿತು. ಹುಡುಗಿ ಮತ್ತೆ ಬಸುರಿಯಾದಳು. ನಾನು ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಿದ್ದೆ, ಹೊಳೆ ಸುತ್ತಿಕೊಂಡೇ. ಎಂಟನೇ ತಿಂಗಳಲ್ಲಿ ಈ ಕೂಸೂ ತಿರುಗಿರಲಿಲ್ಲ. ಅದನ್ನು ಹೇಳಿದಾಗ ಅವಳು ಸೀರೆ ಸರಿಮಾಡಿಕೊಂಡು, "ನಿನ್ ಮನೇಲಿ ನೀರ್ ಕಾಯ್ಸೋಕೆ ದೊಡ್ ಅಂಡೆ ಐತಾ?" ಎಂದು ಕೇಳಿದಳು. ಇದೆ ಎಂದೆ. ಯಾಕೆ ಕೇಳಿದಳೆಂದು ನನಗೆ ಹೊಳೆಯಲಿಲ್ಲ.

ಒಂದು ದಿನ ಬೆಳಿಗ್ಗೆ ರಾಗಿ ಮುದ್ದೆಗೆ ಎಸರಿಟ್ಟಿದ್ದೆ. ಬಾಗಿಲಲ್ಲಿ ಏನೋ ಸದ್ದಾಯಿತು. ನೋಡಿದರೆ ಅವಳು. ಚೌಕಟ್ಟು ಹಿಡಿದು ನಿಂತಿದ್ದಾಳೆ, ಮೊಣಕಾಲವರೆಗೆ ಕೆಸರು, ಸೀರೆಯ ಅಂಚಿಗೆ ಏನೇನೋ ಮೆತ್ತಿಕೊಂಡಿದೆ, ಮುಖದಲ್ಲಿ ಬೆವರು ಇಳಿಯುತ್ತಿದೆ. ಅವಳ ಮೈಯ ವಾಸನೆಗೆ ನನಗೇ ಮುಖ ತಿರುಗಿಸುವಂತಾಯಿತು.

"ಕೋಳಿ ಕೂಗೋ ಒತ್ನಿಂದ ನೋವು. ಯಾರ್ಗೂ ಯೋಳಿಲ್ಲ," ಎಂದಳು. "ಬಯಲ್ಗೆ ಓಗ್ಬತ್ತೀನಿ ಅಂತ ಇತ್ತಲಿಂದ ಬಂದ್ಬಿಟ್ಟೆ."

"ಅಯ್ಯೋ ನನ್ನವ್ವ, ಈ ಸ್ಥಿತೀಲಿ ಆ ದಾರೀಲಾ?"

"ಬೀದೀಲಿ ಅತ್ತೆ ಕುಂತವ್ಳೆ. ನೀನು ಬರೋಗಂಟ ಕಾಯೋಕೆ ನನ್ ಕೈಲಾಗಲ್ಲ. ಅದ್ಕೆ ನಾನೇ ಬಂದೆ."

ದಾರಿಯಲ್ಲಿ ನಾಲ್ಕು ಸಲ ನೋವು ಬಂದಿತ್ತಂತೆ. ನಾಲ್ಕು ಸಲವೂ ಆ ಹೊಲಸಿನ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳಂತೆ, ನೋಡಿದವರು ಬಯಲಿಗೆ ಕೂತಿದ್ದಾಳೆ ಎಂದುಕೊಳ್ಳಲಿ ಎಂದು. ನಾನು ಅವಳ ಕಾಲು ತೊಳೆದೆ. ಮೂರು ಕೊಡ ನೀರು ಬೇಕಾಯಿತು. ಸೀರೆ ಬಿಚ್ಚಿಸಿ ಒಲೆಗೆ ಹಾಕಿದೆ. ಹಂಡೆಯ ನೀರು ಕುದಿಸಿದೆ, ಕತ್ತರಿ ಕುದಿಸಿದೆ, ಕೈ ಉಜ್ಜಿ ಉಜ್ಜಿ ತೊಳೆದೆ. ಕೂಸು ಕುಂಡೆ ಮುಂದಾಗಿ ಬಂತು, ಕಾಲು ಇಳಿಯಿತು, ತೋಳು ಬಿಡಿಸಿದೆ, ತಲೆ ನಿಂತಿತು. ನಾನು ಅಲ್ಲೇ ಇದ್ದೆ. ಬೆರಳು ಕೂಸಿನ ಬಾಯಿಗೆ ಕೊಟ್ಟು ಗಲ್ಲ ಬಾಗಿಸಿ ಎತ್ತಿದೆ. ಹೆಣ್ಣು ಕೂಸು ಹೊರಗೆ ಬಂದು ಊರೆಲ್ಲ ಕೇಳುವ ಹಾಗೆ ಕಿರುಚಿತು. ಅವಳೂ ಕಿರುಚಿದಳು, ನಾನೂ ಹುಚ್ಚಿಯ ಹಾಗೆ ನಕ್ಕೆ.

ಅಷ್ಟರಲ್ಲಿ ಬಯಲಿಗೆ ಹೋದ ಸೊಸೆ ಬರಲಿಲ್ಲವೆಂದು ದೊಡ್ಡ ಬೀದಿಯಲ್ಲಿ ಗುಲ್ಲಾಗಿತ್ತು. ಹೊಳೆಗೆ ಬಿದ್ದಳೆಂದು ಗಂಡಸರೆಲ್ಲ ಗಳ ಹಿಡಿದು ಇಳಿದರು. ಪಂಚೆ ಎತ್ತಿ ಕಟ್ಟಿಕೊಂಡು, ಮೂಗಿಗೆ ಬಟ್ಟೆ ಹಿಡಿದು, ಗುಂಡಿ ಗುಂಡಿಯಲ್ಲಿ ಗಳ ಇಳಿಬಿಟ್ಟು ಹುಡುಕುತ್ತಿದ್ದರು. ನಾನು ಓಣಿಯ ತಲೆಯಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದೆ. ಅವಳ ಗಂಡ ಜಾರಿ ಬಿದ್ದ. ಇನ್ನೂ ಸ್ವಲ್ಪ ಹುಡುಕಲಿ ಎನಿಸಿತು, ಸುಳ್ಳು ಯಾಕೆ ಹೇಳಲಿ? ಆಮೇಲೆ ಕೂಗಿ ಹೇಳಿದೆ.

ಯಜಮಾನಿ ಬಂದು ನನ್ನ ಕೋಣೆಯಿಂದ ಹತ್ತು ಮಾರು ದೂರದಲ್ಲಿ ನಿಂತಳು. ಬದುಕಿರುವ ಕೂಸನ್ನು ದೂರದಿಂದಲೇ ಕಂಡಳು. ಕಣ್ಣೊರೆಸಿಕೊಂಡಳು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದಳು. "ಅನ್ನೊಂದ್ ದಿನ ಇಲ್ಲೇ ಇರ್ಲಿ. ನಿನ್ ಮನೇಲಿ ಎತ್ತವ್ಳೆ, ಅವ್ಳೂ ಬೀದಿ ತುಳಿಯಂಗಿಲ್ಲ. ಅನ್ನೆಲ್ಡ್ನೇ ದಿನ ಇಬ್ರೂನೂ ಒಳೆ ಕಡೆಯಿಂದ ಕರ್ಕೊಂಡ್ ಬಾ."

ಇಬ್ಬರೂ ಎಂದರೆ ತಾಯಿ ಮತ್ತು ಹನ್ನೆರಡು ದಿನದ ಕೂಸು.

ಹನ್ನೆರಡನೇ ದಿನ ಅವಳಿಗೆ ಎಣ್ಣೆನೀರು ಹಾಕಿದೆ, ಕೂಸಿಗೆ ಕಾಡಿಗೆ ಇಟ್ಟೆ. ಹೊರಟೆವು. ನಾನು ಓಣಿಯ ಕಡೆ ತಿರುಗಿದೆ. ಅವಳು ತಿರುಗಲಿಲ್ಲ. ಕೂಸನ್ನು ಎದೆಗೊತ್ತಿಕೊಂಡು ದೊಡ್ಡ ಬೀದಿಯ ಬಾಯಲ್ಲಿ ನಿಂತು ನನ್ನನ್ನು ಕರೆದಳು.

"ಇಲ್ಲಿಂದ್ಲೇ ಓಗಾನ ಬಾ."

"ಬ್ಯಾಡ ಕಣೇ, ನಿಮ್ಮತ್ತೆ..."

"ನನ್ ಕೂಸ್ನ ಆ ಒಲಸ್ನಾಗೆ ತಗೊಂಡ್ ಓಗಲ್ಲ ನಾನು. ನೀನ್ ಜೊತೇಲಿದ್ರೆ ಧೈರ್ಯ. ಬಾರಮ್ಮ."

ಎರಡು ಜಗಲಿಗಳಲ್ಲಿ ಆಗಲೇ ಜನ ಎದ್ದು ನಿಂತಿದ್ದರು. ನಾನು ಓಣಿಯ ಬಾಯಲ್ಲೇ ನಿಂತುಬಿಟ್ಟೆ. ಅವಳು ಸ್ವಲ್ಪ ಹೊತ್ತು ಕಾದಳು, ಆಮೇಲೆ ತಾನೇ ನಡೆದಳು. ಒಬ್ಬಳೇ, ಬೀದಿಯ ನಟ್ಟನಡುವೆ, ರಂಗೋಲಿಯನ್ನೂ ಬಿಡದೆ ತುಳಿದುಕೊಂಡು. ಯಾರೋ ಕೂಗಾಡಿದ್ದು ಕೇಳಿಸಿತು. ಅವಳು ತಲೆ ಎತ್ತಲಿಲ್ಲ.

ನಾನು ಹೊಳೆ ಸುತ್ತಿದೆ. ಅವಳ ಬಟ್ಟೆಯ ಗಂಟು ನನ್ನ ಕೈಯಲ್ಲಿತ್ತು, ಅದನ್ನು ತಲುಪಿಸಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೊಟ್ಟಿಗೆಯ ಹತ್ತಿರ ಬಂದಾಗ ಒಳಗಿನಿಂದ ಜಗಳದ ಸದ್ದು, ಕೂಸಿನ ಅಳು. ಯಜಮಾನಿ ಹಿತ್ತಲ ಬಾಗಿಲು ತೆರೆದು ಬಂದಳು. ಅತ್ತು ಅತ್ತು ಮುಖ ಊದಿತ್ತು. ನನ್ನ ಒದ್ದೆ ಕಾಲು ನೋಡಿ ಅವಳ ಮುಖ ಸ್ವಲ್ಪ ತಣ್ಣಗಾಯಿತು.

"ನೋಡು, ನೀನಾದ್ರೂ ಮರ್ವಾದೆ ತಿಳ್ದೋಳು," ಎಂದಳು.

ಒಳಗೆ ಹೋಗಿ ಎಲೆ, ಅಡಿಕೆ, ಒಂದು ಅಚ್ಚು ಬೆಲ್ಲ ತಂದಳು. ಕೈಗೆ ಕೈ ತಾಕದ ಹಾಗೆ ಮೇಲಿನಿಂದ ಬಿಟ್ಟಳು. ನಾನು ಸೆರಗೊಡ್ಡಿ ತೆಗೆದುಕೊಂಡೆ.