ಹಡಗಿನ ಹಿಂದಿನ ಲಂಗರು

ಆಗ ನಾನಿನ್ನೂ ಚಿಕ್ಕವಳು. ಅಪ್ಪ ನೌಕಾಪಡೆಯಲ್ಲಿ, ದಂಡೆಗೆ ಬಂದು ಬಾಯಿ ತೆರೆದು ಯುದ್ಧದ ಟ್ಯಾಂಕು ಇಳಿಸುವ ಹಡಗೊಂದರಲ್ಲಿ ಕೆಲಸಕ್ಕಿದ್ದ. ಮಕ್ಕಳೇ, ಈ ನೆನಪಿನ ವಿವರಗಳೆಲ್ಲ ಸರಿಯೆಂದು ಆಣೆ ಮಾಡಿ ಹೇಳಲಾರೆ. ಅಪ್ಪ ಡಬ್ಬಿಯ ಹಡಗು ಮಾಡಿದ ದಿನ ಗೊರೇಬಾಳದ ಕಾಲುವೆ ತುಂಬಿ ಹರಿಯುತ್ತಿತ್ತೆಂದು ನನ್ನ ನೆನಪು. ಮೊಣಕಾಲಷ್ಟೂ ನೀರಿರಲಿಲ್ಲ ಎನ್ನುತ್ತಾಳೆ ಅಕ್ಕ. ಅಪ್ಪನ ಅಂಗಿಗೆ ಸಮುದ್ರದ ವಾಸನೆಯಿತ್ತೆಂದೂ ಎಷ್ಟೋ ಸಲ ಬರೆದಿದ್ದೇನೆ. ಸಮುದ್ರವನ್ನೇ ಕಾಣದ ನನಗೆ ಅದು ಹೇಗೆ ಗೊತ್ತಾಯಿತು?

ಅಪ್ಪ ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ. ಅಷ್ಟರಲ್ಲಿ ಅವನ ಮುಖ ಮರೆತಿರುತ್ತಿತ್ತು. ಸಲಿಗೆ ಬೆಳೆಯುವ ಹೊತ್ತಿಗೆ ಅವನ ಟ್ರಂಕು ಮತ್ತೆ ಬಾಗಿಲಿಗೆ ಬಂದಿರುತ್ತಿತ್ತು. ಆ ಸಲ ಮಾತ್ರ ಅವನನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದು ನಿಶ್ಚಯಿಸಿದ್ದೆ.

ಹೊರಡುವ ಹಿಂದಿನ ದಿನ ನಾವೆಲ್ಲ ಬುತ್ತಿ ಕಟ್ಟಿಕೊಂಡು ಕಾಲುವೆಯ ದಂಡೆಗೆ ಹೋದೆವು. ಹಸಿ ಭತ್ತದ ವಾಸನೆ, ಬೆನ್ನು ಸುಡುವ ಬಿಸಿಲು. ಅಪ್ಪ ಎಣ್ಣೆ ಡಬ್ಬಿಯೊಂದನ್ನು ಉದ್ದಕ್ಕೆ ಕತ್ತರಿಸಿ, ಮುಂದಿನ ತಗಡನ್ನು ಬಾಗಿಲಿನಂತೆ ಬಗ್ಗಿಸಿ ತನ್ನ ಹಡಗು ಮಾಡಿ ತೋರಿಸಿದ. ಒಳಗೊಂದು ಗುಂಡುಕಲ್ಲು. ಅದೇ ಟ್ಯಾಂಕು.

“ಬಾಯಿ ತೆಗದ್ರ ನೀರು ಒಳಗ ನುಗ್ಗಂಗಿಲ್ಲೇನು?” ಎಂದಳು ಅಕ್ಕ.

“ನಿನ್ನಂಗ ಯಾವಾಗ್ಲೂ ತೆರಕೊಂಡಿರಂಗಿಲ್ಲ ಅದು. ದಂಡಿ ಹತ್ತಿದ ಮ್ಯಾಲ ತೆಗಿತದ,” ಎಂದು ಅಪ್ಪ ನಕ್ಕ.

ಟ್ಯಾಂಕು ಬಲು ಭಾರ. ಮೊದಲೆಲ್ಲ ಅದನ್ನು ಹಡಗಿನಿಂದ ಇಳಿಸಲು ಬಂದರು ಬೇಕಿತ್ತು, ಆದರೆ ಬಂದರು ಶತ್ರುವಿನ ಕೈಯಲ್ಲಿರುತ್ತಿತ್ತು. ಅದಕ್ಕೇ ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಥ ಹಡಗು ಕಟ್ಟಿದರಂತೆ. ತಳ ಚಪ್ಪಟೆಯಾದ್ದರಿಂದ ಬರೀ ಮರಳಿನ ದಂಡೆಗೂ ಮೂತಿಯೂರಿ ನಿಲ್ಲುತ್ತಿತ್ತು. ಆ ಚಪ್ಪಟೆ ತಳದಿಂದಲೇ ಹಡಗು ಅಲೆಗಳ ಮೇಲೆ ಹೊರಳಾಡಿ, ಒಳಗಿದ್ದ ಸೈನಿಕರು ಉಂಡದ್ದನ್ನೆಲ್ಲ ಕಾರಿಕೊಳ್ಳುತ್ತಿದ್ದರಂತೆ. ಯುದ್ಧ ಮುಗಿದ ಮೇಲೆ ಅಂಥ ಹಡಗುಗಳು ನೆರೆ ಬಂದ ಊರುಗಳಿಗೆ ಅಕ್ಕಿ, ಔಷಧ ಹೊತ್ತದ್ದೂ ಉಂಟು ಎಂದ ಅಪ್ಪ.

ನಾನು ಡಬ್ಬಿಯನ್ನು ಜೋರಾಗಿ ನೂಕಿದೆ. ಕೆಸರಿಗೆ ಸಿಕ್ಕಿ ನಿಂತಿತು.

“ಈಗ ಇದು ವಾಪಸ್ ಹ್ಯಾಂಗ ಹೋಗ್ತದ?”

ಅಪ್ಪ ಡಬ್ಬಿಯನ್ನು ಬಿಡಿಸಿ, ಅದರ ಹಿಂಬದಿಗೆ ಕಡ್ಡಿಯೊಂದನ್ನು ಸಿಕ್ಕಿಸಿ, ಅದಕ್ಕೆ ದಾರದಿಂದ ಇನ್ನೊಂದು ಕಲ್ಲು ಕಟ್ಟಿದ. ಮೊದಲು ಆ ಕಲ್ಲನ್ನು ನೀರಿಗೆ ಬಿಟ್ಟು, ಆಮೇಲೆ ಡಬ್ಬಿಯನ್ನು ದಂಡೆಗೆ ತಂದ. ಬಾಯಿ ತೆರೆಯಿತು, ಟ್ಯಾಂಕು ಉರುಳಿ ಇಳಿಯಿತು. ಹಿಂದಿನ ಕಡ್ಡಿಗೆ ದಾರ ಸುತ್ತುತ್ತ ಹೋದಂತೆ ಡಬ್ಬಿ ತಾನಾಗಿ ಹಿಂದಕ್ಕೆ ಸರಿಯಿತು.

“ದಂಡಿ ಮುಟ್ಟೂಕಿಂತ ಮೊದ್ಲ ಹಿಂದ ಲಂಗರು ಒಗೀಬೇಕು. ಇಲ್ಲಂದ್ರ ಹಡಗು ಅಲ್ಲೇ ಉಳೀತದ.”

ರೊಟ್ಟಿ ಬಿಚ್ಚುತ್ತಿದ್ದ ಅವ್ವ ತಲೆಯೆತ್ತಿದಳು. “ನಾವು ಗೂಟಕ್ಕ ಕಟ್ಟೂದು ದನ ಮನಿ ಬಿಟ್ಟು ಹೋಗಬಾರ್ದಂತ. ನೀವು ಹೋಗಾಕಂತನ ಕಟ್ಟತೀರಲ್ರೀ!”

ಅಕ್ಕ ನಕ್ಕಳು. ಅಪ್ಪ ನಗಲಿಲ್ಲ.

ಅವನು ಕೈ ತೊಳೆಯಲು ಹೋದಾಗ ನಾನು ದಾರ ಬಿಚ್ಚಿದೆ. ಡಬ್ಬಿಯನ್ನು ಕೆಸರಿನಲ್ಲಿ ಆಳಕ್ಕೆ ಒತ್ತಿದೆ. ಲಂಗರಿನ ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು, “ಅಪ್ಪಾ, ಇದಿನ್ನ ಎಲ್ಲೂ ಹೋಗಂಗಿಲ್ಲ,” ಎಂದೆ. ಅಪ್ಪ ನನ್ನ ಮುಷ್ಟಿಯನ್ನೇ ನೋಡುತ್ತ ನಿಂತ.

ಮರುದಿನ ಸಿಂಧನೂರಿನಲ್ಲಿ ಅವನು ರಾಯಚೂರಿನ ಬಸ್ಸು ಹತ್ತಿದ. ಸಂಜೆ ಕಾಲುವೆಗೆ ಹೋದರೆ ಡಬ್ಬಿ ಅಲ್ಲೇ ಇತ್ತು, ಕೆಸರಿನಲ್ಲಿ ಬಾಯಿ ತೆರೆದುಕೊಂಡು. ಒಳಗೆ ಏನೂ ಇರಲಿಲ್ಲ.

ಮಕ್ಕಳೇ, ನೀವು ಮಸ್ಕಿಯ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಅಂಥ ಹಡಗು ಬಾಯಿ ತೆರೆಯುವುದನ್ನು ನೋಡುತ್ತೀರಿ. ಲಿಂಗಸುಗೂರಿಗೆ ಕೆಲಸಕ್ಕೆ ಹೋದ ನಿಮ್ಮಪ್ಪನಿಗೆ ಬಸ್ಸು ತಪ್ಪಿದರೂ ಅವನ ಮುಖ ಅದೇ ಮೊಬೈಲಿನಲ್ಲಿ ಬರುತ್ತದೆ. ನಮ್ಮ ಮನೆಯ ಗೋಡೆಯಲ್ಲಿ ಅಪ್ಪನದೊಂದು ಮೊಳೆಯಿತ್ತು. ರಜೆಯಲ್ಲಿ ಅದಕ್ಕೆ ಅವನ ಅಂಗಿ ತೂಗುತ್ತಿತ್ತು. ಉಳಿದ ದಿನಗಳಲ್ಲಿ ಬರೀ ಮೊಳೆ.

ಬಸ್ಸಿನ ಕಿಟಕಿಯ ಸರಳು ಹಿಡಿದು ಅಂದು ನಾನು ಕೇಳಿದ ಮಾತೊಂದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಅಪ್ಪ ನನ್ನ ತಲೆ ನೇವರಿಸಿದ, ಅಷ್ಟೇ. ಮುಂದಿನ ರಜೆಗಳಲ್ಲೂ ಉತ್ತರಿಸಲಿಲ್ಲ. ಈಗ ಅವನಿಲ್ಲ.

“ಅಪ್ಪಾ, ನಮ್ಮ ಮನಿಗೆ ಬರೂಕಿಂತ ಮೊದ್ಲ ನೀನೂ ಹಿಂದ ಲಂಗರು ಒಗದು ಬಂದೀಯೇನು?”