ಮರುಳಸಿದ್ದಮ್ಮನ ನಾಲ್ಕು ಗಾಜು

ಹೊಳಲ್ಕೆರೆ ಪೇಟೆಯ ಕಂಬಳಿ ವ್ಯಾಪಾರಿ ಮುರುಗಪ್ಪ, ಉಣ್ಣೆಯನ್ನು ಬೆರಳಲ್ಲಿ ಉಜ್ಜಿಯೇ ಅದು ಯಾವ ಹಟ್ಟಿಯ ಕುರಿಯದೆಂದು ಹೇಳುತ್ತಿದ್ದ ಆಸಾಮಿ. ಅವನನ್ನು ಯಾಮಾರಿಸಿದವರು ಸುತ್ತಿನಲ್ಲಿ ಯಾರೂ ಇಲ್ಲ, ಒಬ್ಬ ಬಿಳಿ ದೊರೆಯನ್ನು ಬಿಟ್ಟು. ರಾಮಗಿರಿ ಸ್ಟೇಷನ್ನಿನಲ್ಲಿ ರೈಲು ಹಳಿಯ ಉಸ್ತುವಾರಿಗಿದ್ದ ಆ ದೊರೆ ವರ್ಗವಾಗಿ ಹೋಗುವಾಗ ಹನ್ನೆರಡು ಕಂಬಳಿ ತೆಗೆದುಕೊಂಡು, ಬದಲಿಗೆ ಮೂರು ಕಾಲಿನ ಮೇಲೆ ನಿಲ್ಲುವ ಮರದ ಪೆಟ್ಟಿಗೆಯೊಂದನ್ನು ಕೊಟ್ಟ. ಪಟ ತೆಗೆಯುವ ಕ್ಯಾಮೆರಾ.

"ಹೊದ್ಕಳ್ಳಾಕೆ ಬರ್ತೈತೇನ್ರಿ ಇದು?" ಎಂದು ಕೇಳಿದವನು ಯತ್ತಪ್ಪ, ಕುರಿ ಸಾಕಿ, ಕಂಬಳಿ ನೇಯ್ದು ಮುರುಗಪ್ಪನ ಅಂಗಡಿಗೆ ತಂದುಹಾಕುತ್ತಿದ್ದವನು.

"ಇಲ್ಲ ಕಣಲೇ. ಇದ್ರೊಳಗೆ ನೋಡ್ಬೇಕಂದ್ರೆ ನಾನೇ ತಲೆ ಮೇಲೆ ಕಂಬಳಿ ಹೊದ್ಕಬೇಕು."

"ಹಂಗಾದ್ರೆ ಹದಿಮೂರು ಹೋದ್ವಲ್ರಿ ಸಾವ್ಕಾರ್ರೇ!"

ಪೇಟೆ ಈ ಮಾತನ್ನು ಒಂದು ವರ್ಷ ಅಗಿದು ನಕ್ಕಿತು. ಮುರುಗಪ್ಪ ಮಾತ್ರ ಆ ಹದಿಮೂರನೆಯ ಕಂಬಳಿಯ ಕೆಳಗೆ ಹೋದವನು ಮತ್ತೆ ಪೂರಾ ಹೊರಗೆ ಬರಲಿಲ್ಲ. ಒಳಗೆ ಕುರಿಯ ವಾಸನೆ, ಕತ್ತಲೆ, ಎದುರಿಗೆ ಮಬ್ಬು ಗಾಜು. ಗಾಜಿನ ಮೇಲೆ ಪೇಟೆಯೆಲ್ಲ ತಲೆಕೆಳಗು: ಎತ್ತುಗಳು ಆಕಾಶಕ್ಕೆ ಗೊರಸು ಊರಿ ನಡೆಯುತ್ತಿದ್ದವು, ಬಾಕಿ ಕೊಡದವರು ತಲೆ ಕೆಳಗಾಗಿ ನೇತಾಡುತ್ತಿದ್ದರು. ನೋಟವೇ ಬದಲಾಯಿತು. ಇಪ್ಪತ್ತು ವರ್ಷ ಕರಿ ಕಂಬಳಿ ಮಾರಿದವನಿಗೆ, ಕರಿಯೊಳಗೆ ಏಳು ಬಗೆಯ ಕರಿ ಇದೆಯೆಂದು ಆಗ ತಿಳಿಯಿತು. ಗಿರಾಕಿ ದರ ಕೇಳಿದರೆ, "ಹಿಂಗೆ ಬಾಗ್ಲ ಕಡೆ ತಿರುಗ್ರಿ, ಕೆನ್ನೆಗೆ ಬೆಳಕು ಬೀಳ್ಳಿ" ಎನ್ನುತ್ತಿದ್ದ. ಗಿರಾಕಿಗಳು ಬೆಳಕು ಬೀಳಿಸಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಿದ್ದರು.

ತೊಡಕು ಬಂದದ್ದು ಎಣಿಕೆಯಲ್ಲಿ. ನೆರಳಲ್ಲಿ ಕೂತವರ ಪಟ ತೆಗೆಯಬೇಕಾದರೆ ಮಬ್ಬು ಗಾಜಿನ ಜಾಗಕ್ಕೆ ಪಟ ಮೂಡುವ ಮದ್ದು ಬಳಿದ ಗಾಜು ಹಾಕಿ, ಪೆಟ್ಟಿಗೆಯ ಮುಂದಿನ ಮುಚ್ಚಳ ತೆಗೆದು, ಎಂಟು ಎಣಿಸಿ, ಮುಚ್ಚಬೇಕು. ಅಲ್ಲಿಯವರೆಗೆ ಕೂತವರು ಅಲುಗಾಡಬಾರದು. ಮುರುಗಪ್ಪ ಶಿವಭಕ್ತ, ದೊಡ್ಡ ದನಿಯಲ್ಲಿ ಎಂಟು ಸಲ "ಓಂ ನಮಃ ಶಿವಾಯ" ಎಂದು ಎಣಿಸಿದ. ಕೇಳಿದ ಕೂಡಲೇ ಕೂತವರ ಕೈ ತಾನೇ ಮುಗಿಯಿತು, ಕಣ್ಣು ಮುಚ್ಚಿತು, ತಲೆ ಬಾಗಿತು. ಆ ವರ್ಷದ ಪಟಗಳನ್ನು ನೋಡಿದವರು ಹೊಳಲ್ಕೆರೆಯಷ್ಟು ಭಕ್ತರಿರುವ ಊರು ಮೈಸೂರು ಸೀಮೆಯಲ್ಲೇ ಇಲ್ಲವೆಂದುಕೊಳ್ಳಬೇಕು. ಅಲ್ಲಾಡದೆ ಕಣ್ಣು ಬಿಟ್ಟು ಕೂತವರು ಇಬ್ಬರೇ, ಆ ಇಬ್ಬರೂ ಪೇಟೆಗೆ ಗೊತ್ತಿದ್ದ ಮೋಸಗಾರರು. ಎಂಟು ಎಣಿಸುವವರೆಗೆ ಮಿಸುಕದವನಿಗೆ ನಂಬಿ ಸರಕು ಕೊಡಬಾರದೆಂದು ಮುರುಗಪ್ಪ ಅಂದೇ ಗಂಟು ಹಾಕಿಕೊಂಡ.

ಅವನಿಗೆ ನಿಜವಾಗಿ ಬೇಕಿದ್ದದ್ದು ಒಂದೇ ಪಟ. ಹೆಂಡತಿ ಮರುಳಸಿದ್ದಮ್ಮ ಕಣ್ಣು ಬಿಟ್ಟು ನೆಟ್ಟಗೆ ನೋಡುವ ಪಟ.

ಮೊದಲ ಗಾಜಿನಲ್ಲಿ ಅವಳೂ ಊರಿನವರಂತೆಯೇ: ಕಣ್ಣು ಮುಚ್ಚಿದ್ದಾಳೆ, ಕೈ ಕೊರಳಿನ ಲಿಂಗದ ಕರಡಿಗೆಯ ಮೇಲಿದೆ. ತೊಳೆದ ಗಾಜನ್ನು ಬೆಳಕಿಗೆ ಹಿಡಿದು ತೋರಿಸಿದ. ಗಾಜಿನಲ್ಲಿ ಕರಿಯದೆಲ್ಲ ಬಿಳಿ, ಬಿಳಿಯದೆಲ್ಲ ಕರಿ.

"ಅಯ್ಯ ಶಿವನೇ, ಕೂದ್ಲೆಲ್ಲ ನರೆತು ಹೋಗೈತಲ್ರಿ! ಮುದುಕಿ ಆದ್ಮೇಲೆ ಹಿಂಗೇ ಕಾಣ್ತೀನಾ?"

"ನೋಡಾಣ, ಇನ್ನೂ ಟೈಮೈತೆ," ಎಂದ.

ಮರುವರ್ಷ ಬೆಂಗಳೂರಿನಿಂದ ಗಾಜು ಬಂದಾಗ ಮಂತ್ರ ಬಿಟ್ಟು ಪೇಟೆಯ ಎಣಿಕೆ ಹಿಡಿದ. ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಪಡಸಾಲೆಯಲ್ಲಿ ಅವಳನ್ನು ಮಣೆಯ ಮೇಲೆ ಕೂರಿಸಿ, ಮುಚ್ಚಳ ತೆಗೆದು, "ಲಾಭ... ಎರಡು..." ಎಂದ.

ಮರುಳಸಿದ್ದಮ್ಮ ಗೊಳ್ಳೆಂದು ನಕ್ಕಳು. "ನಾನೇನು ರಾಗಿ ಏನ್ರಿ, ಅಳೆಯಾಕೆ?"

ಎರಡನೆಯ ಗಾಜಿನಲ್ಲಿ ಗೋಡೆ, ಮಣೆ, ಪಕ್ಕದ ಹಿತ್ತಾಳೆ ಕೊಡ ಎಲ್ಲ ಚೊಕ್ಕ. ಮುಖವಿರಬೇಕಾದ ಕಡೆ ಮಂಜು. ಮೂರನೆಯ ಸಲ ಗದರಿಸಿ ಕೂರಿಸಿದ. ಸೆರಗು ಕಚ್ಚಿಕೊಂಡು ನಗು ತಡೆದಳು, ಭುಜ ತಡೆಯಲಿಲ್ಲ. ನಾಲ್ಕನೆಯ ಸಲ ಮನಸ್ಸಿನಲ್ಲೇ ಎಣಿಸಿದ. ಸದ್ದಿಲ್ಲದ್ದು ನೋಡಿ ಮುಗಿಯಿತೆಂದುಕೊಂಡ ಅವಳು, "ಆಯ್ತೇನ್ರಿ? ಒಲೆ ಮೇಲೆ ಬೇಳೆ ಐತೆ" ಎಂದು ಎದ್ದೇ ಹೋದಳು.

"ನಿನ್ನಂಥ ಸರಕು ನಾ ಕಂಡಿಲ್ಲ," ಎಂದು ಬೈದ. "ಒಂದು ಗಳಿಗೆ ಸುಮ್ನಿರಾಕೆ ಆಗಲ್ವ?"

ಬೆಂಗಳೂರಿನಿಂದ ಬಂದ ಕಟ್ಟಿನಲ್ಲಿ ಇನ್ನೊಂದು, ಐದನೆಯ ಗಾಜು ಉಳಿದಿತ್ತು. ದೀಪಾವಳಿಗೆ ನೋಡೋಣವೆಂದು ಎತ್ತಿಟ್ಟ. ಭಾದ್ರಪದದಲ್ಲಿ ಅವಳಿಗೆ ಜ್ವರ ಬಂತು. ಒಂಬತ್ತನೆಯ ದಿನ, ಗೋಡೆಯ ಕಡೆಗಿದ್ದ ಮುಖವನ್ನು ಮೆಲ್ಲಗೆ ಇವನತ್ತ ತಿರುಗಿಸಿದಳು.

"ಪೆಟ್ಟಿಗೆ ತರ್ರಿ. ಈಗ ಅಲ್ಲಾಡಲ್ಲ."

ಕಣ್ಣು ಪೂರಾ ತೆರೆದಿದ್ದವು, ನೆಟ್ಟಗೆ ಇವನನ್ನೇ ನೋಡುತ್ತಿದ್ದವು. ಇಷ್ಟು ದಿನ ಬೇಡಿದ್ದು ಅದೇ. ಮುರುಗಪ್ಪ ಪೆಟ್ಟಿಗೆ ಇದ್ದ ಕೋಣೆಯ ಬಾಗಿಲವರೆಗೆ ಹೋಗಿ ವಾಪಸು ಬಂದ.

"ಬೆಳಕು ಸಾಲ್ದು," ಎಂದ. ಹೊರಗೆ ಹೊಡೆಯುವ ಬಿಸಿಲಿತ್ತು. ಮಾರನೆಯ ದಿನ ಅವಳು ಶಿವೈಕ್ಯಳಾದಳು.

ವರ್ಷ ತುಂಬುವ ಹೊತ್ತಿಗೆ ಅವಳ ಅಕ್ಕ ಕೊಟ್ರಮ್ಮ ಹೊಸದುರ್ಗದಿಂದ ಬಂದು ಕೂತಳು. "ಊರೋರ ಪಟವೆಲ್ಲ ತೆಗ್ದೀರಿ, ಮನೆಯೋಳು ಕಣ್ಣು ಬಿಟ್ಟಿದ್ದು ಒಂದಿಲ್ವಲ್ಲ. ದುರ್ಗದಾಗೆ ಒಬ್ಬ ಚಿತ್ರ ಬರಿಯೋನು ಅವ್ನೆ, ಮುಚ್ಚಿದ ಕಣ್ಣಿನ ಮೇಲೆ ತೆರೆದ ಕಣ್ಣು ಬರೀತಾನಂತೆ. ಹೋಗಿ ಬರ್ರಿ."

ಮೊದಲ ಗಾಜಿನಿಂದ ಕಾಗದಕ್ಕೆ ಇಳಿಸಿದ ಪಟ ಹಿಡಿದು ಮುರುಗಪ್ಪ ಚಿತ್ರದುರ್ಗಕ್ಕೆ ಹೋದ. ಚಿತ್ರಗಾರ ಕುಂಚ ಅದ್ದಿಕೊಂಡು ಕೇಳಿದ: "ಹೇಳ್ರಿ, ಕಣ್ಣು ಹೆಂಗಿದ್ವು? ದೊಡ್ಡವಾ, ಸಣ್ಣವಾ?"

ಕಂಬಳಿಯಲ್ಲಿ ಏಳು ಕರಿ ಎಣಿಸಿದವನು ಪಟದಲ್ಲಿನ ಮುಚ್ಚಿದ ಕಣ್ಣಿನ ಮೇಲೆ ಬೆರಳಾಡಿಸಿದ. ನಕ್ಕಾಗ ಆ ಕಣ್ಣು ಎಷ್ಟು ಸಣ್ಣಗಾಗುತ್ತಿದ್ದವೆಂದು ಗೊತ್ತು. ಬೇಳೆ ಸೀಯುವಾಗ ಎತ್ತ ಓಡುತ್ತಿದ್ದವೆಂದು ಗೊತ್ತು. ನೆಟ್ಟಗೆ, ಸುಮ್ಮನೆ ನೋಡಿದ್ದು ಜ್ವರದ ಆ ಒಂದೇ ಮಧ್ಯಾಹ್ನ, ಆ ಕಣ್ಣನ್ನು ಗೋಡೆಗೆ ನೇತುಹಾಕಲು ಅವನು ಸಿದ್ಧನಿರಲಿಲ್ಲ.

"ಒಂದ್ಕಡೆ ನಿಲ್ತಿರ್ಲಿಲ್ಲಪ್ಪ," ಎಂದು ಪಟ ಸುತ್ತಿಕೊಂಡು ಎದ್ದ.

ಮನೆಗೆ ಬಂದು ಎರಡನೆಯ ಗಾಜಿನಿಂದ ಪಟ ಕಾಗದಕ್ಕೆ ಇಳಿಸಿ, ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ತೂಗುಹಾಕಿದ. ಕೊಟ್ರಮ್ಮ ಹತ್ತಿರ ಹೋಗಿ ಇಣುಕಿದಳು. "ಇದರಾಗೆ ಕೊಡ ಒಂದು ಚೆಂದ ಬಂದೈತೆ, ನನ್ನ ತಂಗಿ ಎಲ್ಲಿ?" ಎಂದು ಮುನಿಸಿಕೊಂಡು ಹೊಸದುರ್ಗದ ಗಾಡಿ ಹತ್ತಿದಳು. ಮೊದಲ ಗಾಜನ್ನು ಮುರುಗಪ್ಪ ಬೇರೆ ಯಾರಿಗೂ ತೋರಿಸಲಿಲ್ಲ. ಒಬ್ಬನೇ ಇದ್ದಾಗ ಕಿಟಕಿಗೆ ಹಿಡಿದು, ನರೆತ ಕೂದಲಿನ ಮರುಳಸಿದ್ದಮ್ಮನನ್ನು ನೋಡುತ್ತಿದ್ದ. ಅವಳು ಮುದುಕಿಯಾದದ್ದು ಅಲ್ಲಿ ಮಾತ್ರ.

ಉಣ್ಣೆ ಕತ್ತರಿಸುವ ಕಾಲದಲ್ಲಿ ಯತ್ತಪ್ಪ ಹೊಸ ಕಂಬಳಿ ಹೊತ್ತು ಬಂದಾಗ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಒಳಗೆ ಪಡಸಾಲೆಯಲ್ಲಿ ಪೆಟ್ಟಿಗೆ ಮೂರು ಕಾಲ ಮೇಲೆ ನಿಂತಿತ್ತು. ಐದನೆಯ ಗಾಜು ಅದರೊಳಗೆ ಕೂತಿತ್ತು, ಮುಚ್ಚಳ ತೆಗೆದಿತ್ತು. ಎದುರಿಗೆ ಖಾಲಿ ಮಣೆ. ಮುರುಗಪ್ಪ ಹಳೆಯ ಕಂಬಳಿಯ ಕೆಳಗಿದ್ದ. ಗಾಜು ಹಾಕಿದ ಮೇಲೆ ಅಲ್ಲಿಂದ ಏನೂ ಕಾಣದೆಂದು ಯತ್ತಪ್ಪನಿಗೂ ಗೊತ್ತಿತ್ತು.

"ಲಾಭ," ಎಂದಿತು ಕಂಬಳಿ.

ಯತ್ತಪ್ಪ ಹೊರೆ ಇಳಿಸದೆ ಕಾದ. ಎಷ್ಟು ಹೊತ್ತಾದರೂ ಮುಂದಿನ ಎಣಿಕೆ ಬರಲಿಲ್ಲ.

"ಸಾವ್ಕಾರ್ರೇ," ಎಂದ ಮೆಲ್ಲಗೆ, "ಎರಡು ಅನ್ರಿ."

"ತಡಿಯಲೇ," ಎಂದ ಮುರುಗಪ್ಪ ಒಳಗಿನಿಂದ. "ಇನ್ನೂ ನಗ್ತಾ ಅವ್ಳೆ."