ಬ್ಯಾರನ್ ಎಂದು ಕೂಗಿದವಳು

ರಾವಂದೂರಿನಲ್ಲಿ ಬಸ್ಸಿನ ಟೈರು ಪಂಕ್ಚರಾಯಿತು. ಬಸ್ಸು ನನ್ನನ್ನು ಬಿಟ್ಟು ಹೋದೀತೆಂದು ಹೆದರಿ, ಅದು ಕಾಣುವಷ್ಟು ದೂರದಲ್ಲೇ, ಮೈದಾನದ ಅಂಚಿನಲ್ಲಿ ನಿಂತೆ. ಚಕ್ರ ಬಿಚ್ಚಿದ ಬಸ್ಸು ಎಲ್ಲಿಗೆ ಹೋದೀತು ಎಂಬುದು ಆಮೇಲೆ ಹೊಳೆಯಿತು.

ಮೈದಾನದಲ್ಲಿ ಕಾಲೇಜು ಹುಡುಗಿಯರು ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದರು. ಮೊಟ್ಟೆಯಾಕಾರದ ಚೆಂಡು; ಅದನ್ನು ಹಿಡಿದು ಓಡುವವಳನ್ನು ಕೆಡವುವ ಬದಲು ಅವಳ ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕೀಳುತ್ತಾರೆ. ಊರಿನ ತಂಡದಲ್ಲಿ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಕಾವ್ಯ. ಗೆಲ್ಲಲು ಉಳಿದಿದ್ದು ಒಂದೇ ಎಸೆತ.

"ಎಡಕ್ಕೇ ಎಸಿ. ಈ ಸಲನೂ ಬದಲಾಯಿಸಿದ್ರೆ ಮುಂದಿನ ಮ್ಯಾಚಿಗೆ ಆಚೆ ಕೂರಿಸ್ತೀನಿ," ಎಂದರು ಕೋಚ್.

ತಂಡಗಳು ಗೆರೆಯಲ್ಲಿ ಎದುರುಬದುರಾಗಿ ನಿಂತವು. ಕಾವ್ಯ ಎಡಕ್ಕೆ ನೋಡಿದಳು. ಕೆ.ಆರ್. ನಗರದ ಎದುರಾಳಿಗಳು ಅಲ್ಲೇ ಗುಂಪುಗಟ್ಟಿದ್ದರು. "ಬ್ಯಾರನ್! ಬ್ಯಾರನ್!" ಎಂದು ಕೂಗಿದಳು. ಬ್ಯಾರನ್ ಅಂದರೆ ಈ ಕಡೆ ಹೊಗೆಸೊಪ್ಪು ಹದಮಾಡುವ ಮನೆ; ಅದಕ್ಕೂ ಈ ಆಟಕ್ಕೂ ಏನು ಸಂಬಂಧ?

"ಬಲಕ್ಕೆ ಓಡ್ರಿ ಅಂತ ಗುಟ್ಟು ಕಣ್ರೀ," ಎಂದರು ಪಕ್ಕದ ಹೆಂಗಸು, ಊರಿಗೆಲ್ಲ ಕೇಳುವಂತೆ. "ಆ ಕೆ.ಆರ್. ನಗರದ ಭತ್ತ ಬೆಳೆಯೋರಿಗೆ ಬ್ಯಾರನ್ ಏನ್ ಗೊತ್ತು ಬುಡಿ!"

ಚೆಂಡು ಬಲಕ್ಕೆ ಹಾರಿತು. ಅಲ್ಲಿ ಗೆಳತಿಯೊಬ್ಬಳೇ ಇದ್ದಳು. ಚೆಂಡು ಅವಳ ಕೈಗೆ ಬಂದು ಜಾರಿತು. ಊರಿನ ತಂಡ ಸೋತಿತು.

ಕೋಚ್ ಬೆಂಚು ತೋರಿಸಿದರು.

"ಕೂರ್ತೀನಿ ಸಾ. ಆದ್ರೆ ಎಡಕ್ಕೆ ಜಾಗ ಇರ್ಲಿಲ್ಲ. ಇನ್ನೊಂದ್ಸಲ ನಿಲ್ಸಿದ್ರೂ ಇದ್ನೇ ಕೂಗ್ತೀನಿ," ಎಂದ ಕಾವ್ಯ, ಗೆಳತಿಯತ್ತ ತಿರುಗಿದಳು. "ಅಳಬ್ಯಾಡ ಕಣೇ. ಆಗ್ಲೂ ನಿಂಗೇ ಎಸಿತೀನಿ."

ಬಸ್ಸು ಹಾರನ್ ಹೊಡೆಯಿತು. ಯಾವಾಗಲೂ ಮೊದಲು ಓಡಿಹೋಗಿ ಹತ್ತುವ ನಾನು, "ಇರ್ರೀ, ಬರ್ತೀನಿ!" ಎಂದು ಕೂಗಿ, ಅವಳು ಬೆಂಚಿನತ್ತ ನಡೆಯುವುದನ್ನು ನೋಡುತ್ತ ಅಲ್ಲೇ ನಿಂತೆ. ಒಂದು ಕಣ್ಣು ಮಾತ್ರ ಬಸ್ಸಿನ ಮೇಲೇ ಇತ್ತು.